ಪ್ರಮಾಣವೆಂಬ ಪರಂಪರೆ

ಕಳೆದ ಶ್ರಾವಣಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಬಾಡಗಂಡಿಯ ನಮ್ಮ ಮನೆಗೆ ಬಂದಿದ್ದನು. ಹುಡುಗನಿಗೆ ಬೆಂಗಳೂರಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರವೇಶ ದೊರೆತಿದ್ದಿತು. "ಗುರುಗಳೇ, ಹುಡುಗ ದೂರ ಹೊಂಟಾನ, ನಾಲ್ಕು ಬುದ್ಧಿಮಾತು ಹೇಳಿ ಕಳಸ್ರಿ" ಎಂದು ತಂದೆಯು ಕೇಳಿಕೊಂಡನು. ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಮುದುಕನಾದ ನನಗೆ ಯಂತ್ರಗಳ ವಿಷಯವೇನು ತಿಳಿದೀತು? ಆದರೂ ಆ ವಿದ್ಯಾಲಯದ ಪೂರ್ವವೃತ್ತಾಂತವನ್ನು ಬಲ್ಲೆನಾದುದರಿಂದ ಅದನ್ನೇ ಹೇಳಿದೆನು. ಮಕ್ಕಳನ್ನು ಇಂಥ ಶಾಲೆಗಳಿಗೆ ಕಳುಹಿಸುವ ಗೃಹಸ್ಥರಿಗೂ ಅದು ಉಪಯುಕ್ತವಾದೀತೆಂದು ಇಲ್ಲಿ ಬರೆದಿರುವೆನು.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದರು. ಮುಂದೆ ಇಂಜಿನಿಯರಿಂಗ್ ಕಲಿಯುವೆನೆಂದರೆ ಮೈಸೂರು ಸೀಮೆಯಲ್ಲಿ ಅದಕ್ಕೆ ಕಾಲೇಜೇ ಇರಲಿಲ್ಲ. ಸಂಸ್ಥಾನದ ನೆರವಿನಿಂದ ಪುಣೆಗೆ ಹೋಗಿ, 1883ರಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಮುಂಬಯಿ ಪ್ರಾಂತದಲ್ಲಿ ಬಹುಕಾಲ ಸೇವೆ ಸಲ್ಲಿಸಿದರು. 1912ರಲ್ಲಿ ಮೈಸೂರಿನ ದಿವಾನರಾದರು. ಆಗಲೂ ಪುಣೆಯಲ್ಲಾಗಲಿ ಮದರಾಸಿನಲ್ಲಾಗಲಿ ಮೈಸೂರಿನ ಹುಡುಗರಿಗೆ ಸ್ಥಳ ದೊರೆಯುವುದು ದುರ್ಲಭವಾಗಿದ್ದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಮರುವರ್ಷವೇ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಲೋಕೋಪಯೋಗಿ ಇಲಾಖೆಯ ಕಟ್ಟಡ, 20 ಮಂದಿ ವಿದ್ಯಾರ್ಥಿಗಳು, ಸಿವಿಲ್ ಮತ್ತು ಮೆಕ್ಯಾನಿಕಲ್ ಎಂಬ ಎರಡು ಶಾಖೆಗಳು: ಇಷ್ಟೇ ಮೂಲಧನ. ತಾನು ಪಟ್ಟ ತೊಂದರೆಯು ತನ್ನ ಹಿಂದೆ ಬರುವವರಿಗೆ ಬಾರದಿರಲೆಂದು ದಾರಿ ಮಾಡಿಕೊಡುವುದೇ ಆ ಕಾಲೇಜಿನ ಮೊದಲನೆಯ ಆಸ್ತಿಯೆಂದು ನನ್ನ ಭಾವನೆ.

ಅಲ್ಲಿ ಪಾಠ ಹೇಳಿದವರೂ ಸಾಮಾನ್ಯರಲ್ಲ. ವಿಮಾನವನ್ನು ನಡೆಸಿದ ಮೊದಲ ಭಾರತೀಯರಲ್ಲಿ ಒಬ್ಬರಾದ ಎಸ್.ವಿ. ಶೆಟ್ಟಿಯವರು ಇಂಗ್ಲೆಂಡಿನಿಂದ ಮರಳಿ ಅಲ್ಲಿ ಅಧ್ಯಾಪಕರಾಗಿದ್ದು, 1918ರಲ್ಲಿ ಅಕಾಲಮರಣಕ್ಕೆ ತುತ್ತಾದರು. ಅಲ್ಲಿ ಕಲಿತು 1953ರಲ್ಲಿ ಪದವೀಧರರಾದ ರೊದ್ದಂ ನರಸಿಂಹರು ವಾಯುಚಲನೆಯ ಶಾಸ್ತ್ರದಲ್ಲಿ ಜಗದ್ವಿಖ್ಯಾತರಾದರು. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ವಿಜ್ಞಾನವನ್ನು ಕನ್ನಡದಲ್ಲಿ ಬರೆದವರು. ಮಗನಾದರೋ ನಮ್ಮ ಪ್ರಾಚೀನ ಗಣಿತಜ್ಞರ ಕುರಿತು ಆದರದಿಂದಲೂ ವಿಮರ್ಶೆಯಿಂದಲೂ ಬರೆದರು. ಹೊಸ ವಿದ್ಯೆಯನ್ನು ಕಲಿಯುವವನು ಹಳೆಯದನ್ನು ಮರೆಯಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಮೈಸೂರು ವಿಶ್ವವಿದ್ಯಾಲಯದ ಅಂಗವಾಗಿದ್ದ ಕಾಲೇಜು 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿ, ಸ್ಥಾಪಕರ ಹೆಸರನ್ನು ಧರಿಸಿತು. 2021ರ ಶಾಸನದಿಂದ ತಾನೇ ಒಂದು ವಿಶ್ವವಿದ್ಯಾಲಯವಾಯಿತು. ನಮ್ಮ ಸೀಮೆಗೆ ಈ ವಿದ್ಯೆ ಬಂದುದು ತಡವಾಗಿ: ಹುಬ್ಬಳ್ಳಿಯಲ್ಲಿ 1947ರಲ್ಲಿ, ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ಮೂಲಕ 1963ರಲ್ಲಿ. ಹೆಸರೂ ಊರೂ ಬೇರೆಯಾದರೂ ಇವೆಲ್ಲವುಗಳ ಧರ್ಮ ಒಂದೇ. ಅದನ್ನು ಹುಡುಗನಿಗೆ ನಾನು ಒಂದು ಶಬ್ದದಲ್ಲಿ ಹೇಳಿದೆನು: ಪ್ರಮಾಣ.

"ಮಾ" ಎಂದರೆ ಅಳೆಯುವುದು; ಅದರಿಂದ ಹುಟ್ಟಿದುದು ಪ್ರಮಾಣ. ಅಳತೆಯೂ ಪ್ರಮಾಣವೇ, ನೈಯಾಯಿಕರಿಗೆ ಯಥಾರ್ಥಜ್ಞಾನದ ಸಾಧನವೂ ಪ್ರಮಾಣವೇ, ಕನ್ನಡದಲ್ಲಿ ದೇವರ ಮುಂದೆ ಮಾಡುವ ಆಣೆಯೂ ಪ್ರಮಾಣವೇ. ಸರಿಯಾಗಿ ಅಳೆ, ಅಳೆದುದನ್ನು ಸಿದ್ಧಪಡಿಸಿ ತೋರಿಸು, ತೋರಿಸಿದುದಕ್ಕೆ ಮಾತು ಕೊಟ್ಟು ನಿಲ್ಲು. ಇಂಜಿನಿಯರನ ನೀತಿಯೆಲ್ಲ ಇಷ್ಟರಲ್ಲಿ ಅಡಗಿರುವುದು.

ಇದು ಬರಿಯ ಶಬ್ದಚಮತ್ಕಾರವೆಂದು ವಾಚಕರು ತಿಳಿಯಬಾರದು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟರು. ಅದರ ನೀರಿನಿಂದ ಎಷ್ಟೋ ಒಣಭೂಮಿಗಳು ಹಸಿರಾದುವು. ಅದರ ಹಿನ್ನೀರಿನಲ್ಲಿ ನಮ್ಮ ಕಡೆಯ ಎಷ್ಟೋ ಹೊಲಮನೆಗಳು ಮುಳುಗಿದುವು. ಹಳೆಯ ಬಾಗಲಕೋಟೆಯ ಜನರಿಗಾಗಿ ನವನಗರವನ್ನು ಕಟ್ಟಬೇಕಾಯಿತು. ಈ ಹುಡುಗನ ತಾಯಿಯ ತವರುಮನೆಯೂ ಇಂದು ನೀರಿನ ಅಡಿಯಲ್ಲಿದೆ. ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿಯು ಸಮ್ಮತಿಸಿತು. ಐದು ಮೀಟರಿಗೂ ಕಡಿಮೆಯಾದ ಈ ಅಂತರವು ಕಾಗದದ ಮೇಲೆ ಒಂದು ಗೆರೆ. ನದೀತೀರದ ಒಕ್ಕಲಿಗನಿಗೆ ಅದು ಅಜ್ಜ ನೆಟ್ಟ ಬೇವು, ಮನೆದೇವರ ಜಗಲಿ, ಎತ್ತಿನ ಕೊಟ್ಟಿಗೆ. ಆ ಗೆರೆಯನ್ನು ಎಳೆಯುವವನ ಕೈ ಅಲುಗಿದರೂ ಅನ್ಯಾಯ. ಅಲುಗದೆ ಸುಳ್ಳು ಬರೆದರೆ ಮಹಾಪಾಪ.

"ಅಳತೆಪಟ್ಟಿಯನ್ನು ಹಿಡಿಯುವ ದಿನ ನಿನ್ನ ತಾಯಿಯ ತವರನ್ನು ನೆನೆ, ಮಗೂ. ಅಣೆಕಟ್ಟು ಬೇಡವೆಂದು ನಾನು ಹೇಳುವುದಿಲ್ಲ. ಗೆರೆಯ ಈಚೆಗಿರುವವನಿಗೆ ನೀರು ಹೇಗೋ, ಆಚೆಗಿರುವವನಿಗೆ ಲೆಕ್ಕವು ಹಾಗೆ ನ್ಯಾಯವಾಗಿ ಸಲ್ಲಬೇಕು" ಎಂದೆನು. ಹುಡುಗನು ಮಾತನಾಡದೆ ನಮಸ್ಕರಿಸಿದನು. ತಾಯಿಯು ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಂದೆತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಓದು ಮುಗಿಸಿ ಮನೆಗೆ ಬಂದ ಮಗನನ್ನಾಗಲಿ ಮಗಳನ್ನಾಗಲಿ ಸಂಬಳವೆಷ್ಟೆಂದು ಅವಶ್ಯವಾಗಿ ಕೇಳಿರಿ. ಅದು ಸಂಸಾರಕ್ಕೆ ಬೇಕಾದುದೇ. ಆದರೆ ಅದಕ್ಕೂ ಮೊದಲು, "ನೀನು ಅಳೆದುದು ಸರಿಯಾಗಿತ್ತೆ?" ಎಂದು ಒಮ್ಮೆ ಕೇಳಿರಿ. ಆ ಪ್ರಶ್ನೆಯನ್ನು ಕೇಳುವ ಮನೆಯಿದ್ದರೆ ಕಾಲೇಜಿನ ಪರಂಪರೆ ತಾನಾಗಿಯೇ ಉಳಿಯುವುದು.