ಫ್ರೆಂಚ್ ಟೋಸ್ಟ್: ಕೆಫೆಯಿಂದ ಕೆಫೆಗೆ ರುಚಿ ಬದಲಾಗುವುದೇಕೆ?

ವಾರಾಂತ್ಯದ ಉಪಾಹಾರಕ್ಕೆ ತರಿಸಿಕೊಳ್ಳುವ ಫ್ರೆಂಚ್ ಟೋಸ್ಟ್ ಒಂದು ಕೆಫೆಯಲ್ಲಿ ಹೂವಿನಷ್ಟು ಮೃದುವಾಗಿಯೂ ಮತ್ತೊಂದರಲ್ಲಿ ಒಳಗೆ ಹಸಿಹಸಿಯಾಗಿಯೂ ಇರುವುದಕ್ಕೆ ಬ್ರೆಡ್ಡು, ನೆನೆಸುವ ಅವಧಿ ಮತ್ತು ಕಾವು ಎಂಬ ಮೂರು ಮುಖ್ಯ ಕಾರಣಗಳಿವೆ.

ಮೊಟ್ಟೆ, ಹಾಲು, ಸಕ್ಕರೆಗಳನ್ನು ಕದಡಿದ ಕಸ್ಟರ್ಡ್ ಎಂಬ ಮಿಶ್ರಣದಲ್ಲಿ ಬ್ರೆಡ್ಡನ್ನು ನೆನೆಸಿ ಬೆಣ್ಣೆಯಲ್ಲಿ ಬೇಯಿಸುವ ಈ ತಿನಿಸಿನ ಪರಂಪರೆ ಬಹಳ ಹಳೆಯದು; ಅಪೀಸಿಯಸ್ ಹೆಸರಿನಲ್ಲಿ ಉಳಿದುಬಂದ ರೋಮನ್ ಪಾಕಗ್ರಂಥದಲ್ಲಿಯೇ ಹಾಲಿನಲ್ಲಿ ನೆನೆದ ಬ್ರೆಡ್ಡನ್ನು ಕರಿದು ಜೇನು ಸುರಿಯುವ ವಿಧಾನವಿದೆ.

ಹಿಂದಿನ ದಿನದ ಬ್ರೆಡ್ಡು ಬಿಗಿಯಾಗಿರುವುದರಿಂದ ಕಸ್ಟರ್ಡನ್ನು ಹೀರಿಕೊಂಡರೂ ಮುದ್ದೆಯಾಗುವುದಿಲ್ಲ. ಬೆಣ್ಣೆ, ಮೊಟ್ಟೆ ಹಾಕಿ ನಾದಿದ ಬ್ರಿಯೋಶ್ ಎಂಬ ಫ್ರೆಂಚ್ ಬ್ರೆಡ್ಡಿನ ದಪ್ಪ ಹೋಳುಗಳಿಗೆ ನೆನೆಯಲು ಹೆಚ್ಚು ಹೊತ್ತು ಬೇಕು. ಒಳಗಿನ ಕಸ್ಟರ್ಡ್ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ. ಹೊರಮೈ ಕಂದುಬಣ್ಣಕ್ಕೆ ತಿರುಗಿ ಘಮಘಮಿಸಲು ಸುಮಾರು 140 ಡಿಗ್ರಿ ಬೇಕಾಗುತ್ತದೆ. ಸಕ್ಕರೆ ಮತ್ತು ಪ್ರೋಟೀನ್‌ಗಳು ಕಾವಿನಲ್ಲಿ ಕೂಡಿ ನಡೆಸುವ ಈ ಕ್ರಿಯೆಗೆ ಮಯಾರ್ ಕ್ರಿಯೆ ಎಂದು ಹೆಸರು. ಉರಿ ಜೋರಾದರೆ ಹೊರಗೆ ಸೀದು ಒಳಗೆ ಹಸಿಯಾಗಿಯೇ ಉಳಿಯುವುದರಿಂದ ಮಧ್ಯಮ ಉರಿಯ ತಾಳ್ಮೆ ಇಲ್ಲಿ ಅನಿವಾರ್ಯ.

ಹಾಂಗ್‌ಕಾಂಗ್‌ನ ಚಾ ಚಾನ್ ಟೆಂಗ್ ಎಂಬ ಚಹಾ ಉಪಾಹಾರ ಗೃಹಗಳಲ್ಲಿ ಎರಡು ಹೋಳುಗಳ ನಡುವೆ ಪೀನಟ್ ಬಟರ್ ಸವರಿ, ಮೊಟ್ಟೆಯಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದು, ಮೇಲೆ ಬೆಣ್ಣೆಯ ತುಂಡನ್ನಿಟ್ಟು ಸಿರಪ್ ಸುರಿದು ಬಡಿಸುತ್ತಾರೆ. ಭಾರತದ ಅನೇಕ ಮನೆಗಳಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ ಬೆರೆತ ಖಾರದ ರೂಪವೂ ಪ್ರಿಯವಾಗಿದೆ.

ಆದ್ದರಿಂದ ಹೊಸ ಕೆಫೆಯೊಂದರ ಫ್ರೆಂಚ್ ಟೋಸ್ಟನ್ನು ಅಳೆಯುವವರು ಮೇಲಿನ ಹಣ್ಣು, ಕ್ರೀಮ್‌ಗಳ ಅಲಂಕಾರಕ್ಕೆ ಮರುಳಾಗದೆ, ಸಿರಪ್ ಸುರಿಯುವ ಮೊದಲೇ ಹೋಳಿನ ನಡುಭಾಗವನ್ನು ಕತ್ತರಿಸಿ, ಅದು ನೀರೊಸರದೆ ಸಮವಾಗಿ ಬೆಂದಿದೆಯೇ ಎಂಬುದನ್ನು ಪರೀಕ್ಷಿಸಬೇಕು.