ಸೂರ್ಯಹವಳದ ಊಟೋಪಚಾರ

ಹವಳವೆಂದೊಡನೆ ನಮಗೆ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಸರ, ಇಲ್ಲವೆ ಅಂಗಾರಕನ ಪ್ರೀತ್ಯರ್ಥವಾಗಿ ಬೆರಳಿಗೆ ಧರಿಸುವ ಉಂಗುರ. ನವರತ್ನಗಳ ಸಾಲಿನಲ್ಲಿ ಅದು ಸೇರಿರುವುದರಿಂದ ಅದನ್ನು ಕಲ್ಲೆಂದೇ ಬಹು ಮಂದಿ ತಿಳಿದಿರುವರು. ಸಂಸ್ಕೃತದಲ್ಲಿ ಅದಕ್ಕೆ ಪ್ರವಾಳ, ವಿದ್ರುಮ ಎಂಬ ಹೆಸರುಗಳುಂಟು. ಪ್ರವಾಳವೆಂದರೆ ಚಿಗುರು ಎಂದೂ ಅರ್ಥ. ವಿದ್ರುಮದೊಳಗೆ ಮರವೆಂಬ ಅರ್ಥದ ದ್ರುಮ ಶಬ್ದವೇ ಅಡಗಿದೆ. ಹೀಗೆ ಕಲ್ಲೂ ಆಗಿ, ಗಿಡವೂ ಆಗಿ ತೋರಿದ ಈ ವಸ್ತು ನಿಜವಾಗಿ ಒಂದು ಪ್ರಾಣಿಯೆಂದು ಹದಿನೆಂಟನೆಯ ಶತಮಾನದಲ್ಲಿ ಮಾರ್ಸೇಲ್ಸ್ ಪಟ್ಟಣದ ಪೇಸೊನೆಲ್ ಎಂಬ ವೈದ್ಯನು ಸಾರಿದಾಗ, ಫ್ರಾನ್ಸಿನ ವಿದ್ವಾಂಸರು ಆ ಮಾತನ್ನು ಒಡನೆ ಒಪ್ಪಲಿಲ್ಲ. ಇಂದು ಅದರಲ್ಲಿ ಸಂದೇಹವೇನೂ ಉಳಿದಿಲ್ಲ. ಪ್ರಾಣಿಯೆಂದ ಮೇಲೆ ಅದಕ್ಕೆ ಹಸಿವುಂಟು. ಆ ಹಸಿವಿನ ಮಾತೇ ಈ ಲೇಖನದ ವಿಷಯ.

ಅಮೆರಿಕ, ಯೂರೋಪು ಮುಂತಾದೆಡೆಗಳಲ್ಲಿ ಮನೆಯ ಪಡಸಾಲೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯನ್ನಿಟ್ಟು, ಅದರಲ್ಲಿ ಜೀವಂತ ಹವಳಗಳನ್ನು ಸಾಕುವ ಹವ್ಯಾಸವುಂಟು. ನಿಮ್ಮ ಮಗನೋ ಮಗಳೋ ಅಲ್ಲಿ ನೆಲೆಸಿದ್ದರೆ ಅಂಥದೊಂದು ತೊಟ್ಟಿಯನ್ನು ನೀವೂ ಕಂಡಿರಬಹುದು. ಮನೆಯವರು ಕೆಲಸಕ್ಕೆ ಹೋದಾಗ, ಅತಿಥಿಗಳಾಗಿ ಹೋದ ಅಜ್ಜ ಅಜ್ಜಿಯರ ಪಾಲಿಗೆ ಅದರ ಉಪಚಾರವು ಬರುವುದೂ ಉಂಟು. ನಮ್ಮ ದೇಶದಲ್ಲಾದರೋ ಹವಳವನ್ನು ಸಮುದ್ರದಿಂದ ಕಿತ್ತು ತಂದು ಸಾಕಲು ಕಾನೂನಿನ ಅಡ್ಡಿಯಿದೆ. ಆ ಮಾತನ್ನು ಕೊನೆಗೆ ಹೇಳುವೆನು.

ಸೂರ್ಯಹವಳವೆಂಬುದು ಹಿಂದೂ ಮಹಾಸಾಗರ ಮತ್ತು ಶಾಂತ ಮಹಾಸಾಗರಗಳ ಬೆಚ್ಚನೆಯ ನೀರಿನ ಜೀವಿ. ಶಾಸ್ತ್ರಜ್ಞರು ಇದರ ಕುಲವನ್ನು ಟ್ಯೂಬಾಸ್ಟ್ರಿಯಾ ಎಂದು ಕರೆಯುವರು. ಮುಷ್ಟಿಯಷ್ಟು ದೊಡ್ಡದಾದ ಗೊಂಚಲು; ಅದರ ಮೇಲೆ ಸುಮಾರು ಒಂದು ಸೆಂಟಿಮೀಟರು ಅಗಲದ ಕಿತ್ತಳೆ ಬಣ್ಣದ ಬಟ್ಟಲುಗಳು. ಪ್ರತಿಯೊಂದು ಬಟ್ಟಲಲ್ಲಿಯೂ ಪಾಲಿಪು ಎಂಬ ಒಂದು ಪುಟ್ಟ ಜೀವ. ನಡುವೆ ಬಾಯಿ, ಬಾಯ ಸುತ್ತಲೂ ಹಳದಿ ಬಣ್ಣದ ಕಿರುದೋಳುಗಳು. ಅವು ಬಿಚ್ಚಿದಾಗ ಮಕ್ಕಳು ಬರೆದ ಸೂರ್ಯನ ಚಿತ್ರದಂತೆ ಕಾಣುವುದರಿಂದ ಈ ಹೆಸರು ಬಂದಿರಬೇಕು.

ಆದರೆ ಹೆಸರು ಸೂರ್ಯನದಾದರೂ ಬಾಳು ಕತ್ತಲೆಯದು. ಬಂಡೆಯ ಚಾಚಿನ ಅಡಿಯಲ್ಲಿ, ಗವಿಯ ಬಾಯಲ್ಲಿ, ಮುಳುಗಿದ ಹಡಗಿನ ಮೈಮೇಲೆ ಇದರ ವಾಸ. ಹಗಲೆಲ್ಲ ಮುದುಡಿಕೊಂಡಿದ್ದು ಇರುಳಾದ ಮೇಲೆ ಅರಳುವುದು. ನಮ್ಮ ಕವಿಗಳ ಮಾತಿನಲ್ಲಿ ಹೇಳುವುದಾದರೆ ಇದು ತಾವರೆಯ ಜಾತಿಯದಲ್ಲ, ನೈದಿಲೆಯ ಜಾತಿಯದು.

ಇದಕ್ಕೆ ಕಾರಣವುಂಟು. ಹವಳದ ದಿಬ್ಬಗಳನ್ನು ಕಟ್ಟುವ ಹೆಚ್ಚಿನ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸವಾಗಿರುವುವು. ಅವು ಬಿಸಿಲಿನ ಬಲದಿಂದ ಆಹಾರವನ್ನು ತಯಾರಿಸಿ, ಅದರಲ್ಲಿ ಬಹುಭಾಗವನ್ನು ಮನೆಯೊಡೆಯನಿಗೆ ಒಪ್ಪಿಸುವುವು. ಇಂಥ ಹವಳಕ್ಕೆ ತೊಟ್ಟಿಯಲ್ಲಿ ಒಳ್ಳೆಯ ದೀಪವನ್ನು ಒದಗಿಸಿದರೆ ಅರ್ಧ ಊಟ ಇಕ್ಕಿದಂತೆಯೇ. ಸೂರ್ಯಹವಳದ ಮೈಯಲ್ಲಿ ಆ ಪಾಚಿ ಇಲ್ಲ. ಅದು ನೀರಿನಲ್ಲಿ ತೇಲಿ ಬರುವ ಸಣ್ಣ ಜೀವಿಗಳನ್ನು ತನ್ನ ತೋಳುಗಳ ಕುಟುಕುವ ಕೋಶಗಳಿಂದ ಹಿಡಿದು ತಿಂದೇ ಬದುಕಬೇಕು. ಎಷ್ಟು ದೀಪ ಹಚ್ಚಿದರೂ ಅದರ ಹೊಟ್ಟೆ ತುಂಬದು.

ಇಲ್ಲಿಯೇ ಹೊಸಬರು ಎಡವುವುದು. ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗಿ ಕೊಂಡು ತರುವರು. ಇತರ ಹವಳಗಳ ನಡುವೆ ಇಡುವರು. ಮೀನಿಗೆ ಹಾಕಿದ ಆಹಾರದಲ್ಲಿ ಇದಕ್ಕೂ ಪಾಲು ಸಿಕ್ಕೀತೆಂದು ನಂಬುವರು. ಸಿಕ್ಕುವುದಿಲ್ಲ. ಅದು ಕೂಗಲಾರದು, ಒದ್ದಾಡಲಾರದು. ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಸೊರಗುವುದು. ಬಟ್ಟಲುಗಳ ನಡುವಣ ಕಿತ್ತಳೆ ಬಣ್ಣದ ಮಾಂಸವು ತೆಳುವಾಗಿ, ಕೆಳಗಿನ ಬಿಳಿಯ ಸುಣ್ಣದ ಎಲುಬು ಕಾಣತೊಡಗುವುದು. ಆಗ ಮನೆಯವರು ನೀರು ಕೆಟ್ಟಿತೇನೋ ಎಂದು ಪರೀಕ್ಷಿಸುವರು. ಕೆಟ್ಟದ್ದು ನೀರಲ್ಲ, ಹಸಿವು ತೀರಿಲ್ಲ.

ಊಟವಿಕ್ಕುವ ಕ್ರಮವನ್ನು ಈಗ ನೋಡೋಣ. ಮೈಸಿಸ್ ಎಂಬ ಕಿರುಸೀಗಡಿ, ಬ್ರೈನ್ ಶ್ರಿಂಪ್ ಎಂಬ ಇನ್ನೊಂದು ಬಗೆಯ ಸಣ್ಣ ಸೀಗಡಿ, ಇವು ಮಂಜುಗಟ್ಟಿಸಿದ ರೂಪದಲ್ಲಿ ಅಲ್ಲಿನ ಅಂಗಡಿಗಳಲ್ಲಿ ದೊರೆಯುವುವು. ಸಮುದ್ರದ ಮೀನು ಸೀಗಡಿಗಳನ್ನು ಸಣ್ಣಗೆ ಕೊಚ್ಚಿಯೂ ಕೊಡಬಹುದು. ಮೊದಲು ಆಹಾರವನ್ನು ತೊಟ್ಟಿಯದೇ ಒಂದಿಷ್ಟು ನೀರಿನಲ್ಲಿ ಕರಗಿಸಿಕೊಳ್ಳಬೇಕು. ಬಳಿಕ ಅದರ ರಸವನ್ನಷ್ಟೇ ಒಂದೆರಡು ಹನಿ ಹವಳದ ಮೇಲೆ ಬಿಡಬೇಕು. ಒಗ್ಗರಣೆಯ ಘಮಕ್ಕೆ ಮಕ್ಕಳು ಅಡಿಗೆಮನೆಯತ್ತ ಬರುವಂತೆ, ಆ ವಾಸನೆಗೆ ಪಾಲಿಪುಗಳು ಹತ್ತು ಹದಿನೈದು ನಿಮಿಷದಲ್ಲಿ ಮೆಲ್ಲನೆ ಅರಳತೊಡಗುವುವು. ಹೊಸದಾಗಿ ತಂದ ಹವಳವು ಇನ್ನೂ ತಡಮಾಡಬಹುದು. ಕೆಲವು ದಿನ ಅರಳದೆಯೂ ಇರಬಹುದು. ಆತುರಪಡಕೂಡದು.

ಅರಳಿದ ಮೇಲೆ ನೀರನ್ನು ತಿರುಗಿಸುವ ಪಂಪನ್ನು ನಿಲ್ಲಿಸಬೇಕು; ಇಲ್ಲದಿದ್ದರೆ ತುತ್ತು ಕೊಚ್ಚಿಹೋಗುವುದು. ತುದಿಯಲ್ಲಿ ರಬ್ಬರಿನ ಬುರುಡೆಯುಳ್ಳ ಉದ್ದನೆಯ ಕೊಳವೆಯಿಂದ ಒಂದೊಂದು ಬಾಯಿಗೂ ಒಂದೊಂದು ತುಣುಕನ್ನು ಮೆಲ್ಲಗೆ ಬಿಡಬೇಕು. ಒಂದೊಂದು ಬಾಯಿಗೂ ಎಂದುದನ್ನು ಮರೆಯಬೇಡಿ. ಒಂದೇ ಗೊಂಚಲಾದರೂ ಒಬ್ಬನು ಉಂಡದ್ದು ಪಕ್ಕದವನ ಹೊಟ್ಟೆಗೆ ಸಾಕಾಗುವಷ್ಟು ತಲಪುವುದಿಲ್ಲ. ನೂರು ಎಲೆ ಹಾಕಿದ ಪಂಕ್ತಿಯಲ್ಲಿ ಹತ್ತು ಎಲೆಗೆ ಬಡಿಸಿ ಹಿಂತಿರುಗಿದರೆ ಆದೀತೆ? ತುತ್ತು ತಾಕಿದೊಡನೆ ತೋಳುಗಳು ಅದನ್ನು ಬಾಯತ್ತ ಬಾಗಿಸುವುವು. ಅದು ಒಳಗಿಳಿಯುವ ತನಕ ಪಂಪನ್ನು ಮತ್ತೆ ಹಾಕಬಾರದು. ಹೀಗೆ ವಾರಕ್ಕೆ ಎರಡು ಮೂರು ಸಲವಾದರೂ ಕೊಡಬೇಕು. ಸೊರಗಿದ ಹವಳಕ್ಕೆ ದಿನವೂ ಕೊಡುವುದು ಮೇಲು. ಬಾನುಲಿಯ ರಾತ್ರಿಯ ವಾರ್ತೆಯಂತೆ ಒಂದು ವೇಳೆಯನ್ನು ಗೊತ್ತುಮಾಡಿದರೆ, ಕೆಲವು ವಾರಗಳಲ್ಲಿ ಅದು ಆ ಹೊತ್ತಿಗೆ ಅರಳುವುದನ್ನು ರೂಢಿಸಿಕೊಳ್ಳುವುದು. ಹಗಲಿನಲ್ಲಿಯೂ ಅರಳುವಂತೆ ಮಾಡಬಹುದು.

ಕಳ್ಳರ ಕಾಟವೂ ಇಲ್ಲದಿಲ್ಲ. ತೊಟ್ಟಿಯಲ್ಲಿರುವ ಸೀಗಡಿಗಳು, ಮೀನುಗಳು ಪಾಲಿಪಿನ ಬಾಯೊಳಗಿನ ತುತ್ತನ್ನೂ ಕಿತ್ತು ತಿನ್ನುವುವು. ಪ್ಲಾಸ್ಟಿಕ್ ಸೀಸೆಯೊಂದರ ತಳವನ್ನು ಕತ್ತರಿಸಿ ಹವಳದ ಮೇಲೆ ಕವುಚಿ, ಅದರ ಬಾಯಿಯಿಂದ ಆಹಾರವನ್ನು ಬಿಡುವುದು ಸುಲಭೋಪಾಯ. ಬಿಡಿಸಿ ತೆಗೆಯಬಹುದಾದ ಹವಳವಾದರೆ ತೊಟ್ಟಿಯ ನೀರಿರುವ ಬಟ್ಟಲಿಗೆ ಸಾಗಿಸಿ ಉಣಿಸಿ ಮತ್ತೆ ಇಡಬಹುದು. ಆದರೆ ಅರಳಿರುವಾಗ ಅದನ್ನು ನೀರಿನಿಂದ ಎತ್ತಕೂಡದು, ಎಳೆಯ ಮಾಂಸವು ಹರಿದೀತು. ಇನ್ನೊಂದು ಶತ್ರು ಹಳದಿ ಬಣ್ಣದ ಪುಟ್ಟ ಬಸವನಹುಳು. ಅದು ಈ ಹವಳವನ್ನೇ ತಿಂದು, ಅದರ ಬಣ್ಣದೊಡನೆ ಬೆರೆತು, ಅದರ ಬುಡದಲ್ಲಿಯೇ ಹಳದಿ ಮೊಟ್ಟೆಗಳನ್ನಿಡುವುದು. ಕೊಳ್ಳುವಾಗಲೇ ಕಣ್ಣಿಟ್ಟು ನೋಡಿ ತೆಗೆದುಹಾಕಬೇಕು.

ಇಷ್ಟು ಉಣಿಸಿದ ಮೇಲೆ ಉಳಿದ ಎಂಜಲು ಕೊಳೆತು ನೀರು ಕೆಡುವುದು ಸಹಜ. ಹೊಟ್ಟೆ ತುಂಬ ಇಕ್ಕುವುದು, ನೀರನ್ನು ಚೊಕ್ಕಟವಾಗಿಡುವುದು, ಈ ಎರಡನ್ನೂ ತೂಗಿಸುವುದರಲ್ಲಿಯೇ ಸಾಕುವವನ ಜಾಣ್ಮೆಯಿದೆ. ಮಿಕ್ಕ ತುಣುಕುಗಳನ್ನು ಕೊಳವೆಯಿಂದಲೇ ಹೀರಿ ತೆಗೆಯಬೇಕು. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರನ್ನಾದರೂ ಬದಲಿಸಬೇಕು. ನೊರೆಯೆಬ್ಬಿಸಿ ಕೊಳೆಯನ್ನು ಹೊರಗೆಳೆಯುವ ಉಪಕರಣವಿದ್ದರೆ ಒಳ್ಳೆಯದು. ನೀರಿಗೆ ಅಡಿಗೆಯ ಉಪ್ಪು ಸಲ್ಲದು; ಸಮುದ್ರದ ಲವಣಗಳೆಲ್ಲವೂ ಇರುವ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ ಶುದ್ಧಜಲದಲ್ಲಿ ಕರಗಿಸಬೇಕು. ನೀರಿನ ಶಾಖ 24ರಿಂದ 26 ಡಿಗ್ರಿ ಸೆಂಟಿಗ್ರೇಡು ಇರಲಿ. ಎಲುಬು ಬೆಳೆಯಲು ಲೀಟರಿಗೆ 400 ಮಿಲಿಗ್ರಾಮಿಗೆ ಕಡಮೆಯಿಲ್ಲದಷ್ಟು ಕ್ಯಾಲ್ಸಿಯಂ ಬೇಕು. ಹವಳವನ್ನು ನೆರಳಿನಲ್ಲಿ, ನೀರಿನ ಓಟವು ಚೆನ್ನಾಗಿರುವೆಡೆಯಲ್ಲಿ ಇಡಬೇಕು. ಬೆಳಕು ತಾನಾಗಿ ಅದಕ್ಕೆ ಕೇಡಲ್ಲ. ಆದರೆ ಬೆಳಕಿನಲ್ಲಿ ಬೆಳೆಯುವ ಪಾಚಿಯು ಅದರ ಮೇಲೆ ಹಬ್ಬಿ ಉಸಿರುಗಟ್ಟಿಸುವುದು.

ಹೀಗೆ ನೋಡಿಕೊಂಡರೆ, ಎಲುಬು ಕಂಡ ಹವಳವೂ ಮೆಲ್ಲನೆ ಮೈತುಂಬಿಕೊಳ್ಳುವುದುಂಟು. ಚೆನ್ನಾಗಿ ಉಂಡ ಹವಳವು ಮರಿಗಳನ್ನೂ ಹಾಕುವುದು. ಒಂದು ದಿನ ಗಾಜಿನ ಮೇಲೋ ಕೊಳವೆಯ ಸಂದಿಯಲ್ಲೋ ಸಾಸಿವೆಕಾಳಿನಷ್ಟು ಕಿತ್ತಳೆಯ ಚುಕ್ಕೆ ಕಾಣಿಸುವುದು. ಪಟ್ಟ ಶ್ರಮಕ್ಕೆ ಅದೇ ಪ್ರತಿಫಲ.

ಆದರೆ ಈ ಸಂತಾನಶಕ್ತಿಯೇ ಬೇರೆಡೆ ಉಪದ್ರವವಾಗಿದೆ. ತನ್ನದಲ್ಲದ ಅಟ್ಲಾಂಟಿಕ್ ಸಾಗರದ ಕಡೆ, ಕೆರಿಬಿಯನ್ ಸಮುದ್ರದಲ್ಲಿ 1943ರಲ್ಲಿ ಇದು ಕಂಡುಬಂದಿತು. 1980ರ ದಶಕದಲ್ಲಿ ಬ್ರೆಜಿಲ್ ತೀರದ ತೈಲದ ಅಟ್ಟಣೆಗಳ ಮೇಲೆ ಕಾಣಿಸಿಕೊಂಡು, ಅಲ್ಲಿಂದ ಬಂಡೆಗಳಿಗೆ ಹಬ್ಬಿ ಅಲ್ಲಿನ ಹವಳಗಳ ಎಡೆಯನ್ನು ಕಸಿದುಕೊಂಡಿತು. ಆದುದರಿಂದ ಸಾಕಿ ಬೇಸತ್ತವರು ಅದನ್ನು ಸಮುದ್ರಕ್ಕೆ ಎಸೆಯಲೇಕೂಡದು. ಸಾಕಬಲ್ಲ ಇನ್ನೊಬ್ಬರಿಗೆ ಒಪ್ಪಿಸಬೇಕು.

ಇನ್ನು ನಮ್ಮ ದೇಶದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ, ಎಂದರೆ ಹುಲಿ ಆನೆಗಳಿರುವ ಪಟ್ಟಿಗೆ, 2001ರಲ್ಲಿ ಕಲ್ಲುಹವಳಗಳನ್ನೆಲ್ಲ ಸೇರಿಸಲಾಯಿತು. ಸೂರ್ಯಹವಳವೂ ಆ ಗುಂಪಿನದೇ. ಅದನ್ನು ನಮ್ಮ ಸಮುದ್ರದಿಂದ ಕೀಳುವುದೂ ಮಾರುವುದೂ ಅಪರಾಧ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಹವಳವನ್ನು ನೋಡಲೇಬೇಕೆಂಬ ಆಸೆಯಿದ್ದವರಿಗೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪವಿದೆ, ಹವಳದಿಂದಲೇ ಆದ ಲಕ್ಷದ್ವೀಪವಿದೆ. ಅಲ್ಲಿ ಯಾರೂ ಕೊಳವೆ ಹಿಡಿದು ಉಣಿಸಬೇಕಾಗಿಲ್ಲ. ಕಡಲೇ ಅದಕ್ಕೆ ಅನ್ನವಿಕ್ಕುವುದು.

ಮೂಕಪ್ರಾಣಿಯನ್ನು ಮನೆಗೆ ತರುವ ಮೊದಲು, ಅದರ ಹಸಿವನ್ನು ತಿಳಿಯಬಲ್ಲೆನೆ, ತಪ್ಪದೆ ತೀರಿಸಬಲ್ಲೆನೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಹಸುವಿಗೂ ಗಿಳಿಗೂ ಸಲ್ಲುವ ಈ ಮಾತು, ಕಲ್ಲಿನಂತೆ ಕುಳಿತಿರುವ ಹವಳಕ್ಕೂ ಸಲ್ಲುವುದು.