ಹೊಸಿಲು ದಾಟುವ ಲೆಕ್ಕ

ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲದ ರಸ್ತೆ ಹಿಡಿದರೆ, ಕೊಯಮತ್ತೂರಿಗೆ ಮೊದಲೇ ಶರವಣಂಪಟ್ಟಿ ಸಿಗುತ್ತದೆ. ಐಟಿ ಕಚೇರಿಗಳ ಬೆನ್ನಿಗೇ ಅಪಾರ್ಟ್‌ಮೆಂಟುಗಳು ಎದ್ದ ಜಾಗ. ಬೆನ್ನುಹುರಿಗೆ ಪೆಟ್ಟಾದವರೊಬ್ಬರು ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಇಲ್ಲಿಯ ತಮ್ಮ ಮನೆಗೆ ಮರಳುತ್ತಾರೆ ಎಂದಿಟ್ಟುಕೊಳ್ಳಿ. ಮೊದಲು ತಡೆಯುವುದು ಬಾಗಿಲ ಮುಂದಿನ ಮೂರು ಮೆಟ್ಟಿಲು.

ಮೆಟ್ಟಿಲ ಬದಲು ಕಟ್ಟುವ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿಯಾದರೆ 18 ಅಡಿ. ಜಾಗವಿಲ್ಲವೆಂದು ಕಡಿದಾಗಿ ಕಟ್ಟಿದರೆ ಗಾಲಿಕುರ್ಚಿ ಮಗುಚೀತು. ಅಂಗಳದಲ್ಲೇ ತಿರುವು ಕೊಟ್ಟು, ತಿರುವಿನಲ್ಲಿ 5 ಅಡಿ ಸಮತಟ್ಟು ಬಿಡಿ. ಬಾಗಿಲಿನ ಅಗಲ 90 ಸೆಂ.ಮೀ. ಇರಲಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಬಚ್ಚಲ ಬಾಗಿಲೇ ಕಿರಿದು. ಕೈಯಲ್ಲಿ ಹಣ ಕಡಿಮೆಯಿದ್ದರೆ ಹಜಾರ ಬಿಟ್ಟು ಮೊದಲು ಬಚ್ಚಲು ಸರಿಮಾಡಿಸಿ: ಹೊರಕ್ಕೆ ತೆರೆಯುವ ಬಾಗಿಲು, ಕುರ್ಚಿಯ ಎತ್ತರಕ್ಕೆ ಹೊಂದುವ ಕಮೋಡ್, ಗೋಡೆಗೆ ಗಟ್ಟಿ ಹಿಡಿಕೆ. ಒಬ್ಬರೇ ಬಚ್ಚಲಿಗೆ ಹೋಗಿಬರುವಂತಾದರೆ ಎಷ್ಟು ಮಾನ ಉಳಿಯುತ್ತದೆ ಎಂಬುದು ಅದನ್ನು ಕಳೆದುಕೊಂಡವರಿಗೇ ಗೊತ್ತು.

ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ತಿಳಿಯದ ಚರ್ಮಕ್ಕೆ ಹುಣ್ಣಾದರೂ ನೋವಾಗದು. ಹಾಗಾಗಿ ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ದಿನಕ್ಕೊಮ್ಮೆ ಕನ್ನಡಿ ಹಿಡಿದು ಬೆನ್ನು, ಪೃಷ್ಠ, ಹಿಮ್ಮಡಿ ನೋಡಬೇಕು.

ಮನೆಯಲ್ಲಿನ ಈ ಆರೈಕೆಗೆ ಸರ್ಕಾರದ ನೆರವೂ ಇದೆ. ತಮಿಳುನಾಡಿನ 'ಮಕ್ಕಳೈ ತೇಡಿ ಮರುತ್ತುವಂ' (ಜನರನ್ನು ಹುಡುಕಿ ಬರುವ ವೈದ್ಯ) ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ಕನ್ನಡಿಗರೂ ಇರುವ ಗಡಿಯ ಕೃಷ್ಣಗಿರಿ ಜಿಲ್ಲೆಯಲ್ಲಿ. ಅದರಡಿ ಫಿಸಿಯೋಥೆರಪಿಸ್ಟರು, ಉಪಶಾಮಕ ಆರೈಕೆಯ ನರ್ಸುಗಳು ಮನೆಗೇ ಬರುತ್ತಾರೆ; ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಕರ್ನಾಟಕದಲ್ಲಾದರೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಪಿಂಚಣಿಗೆ ದಾರಿ ತೋರಲು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ.

ಮನೆಯಲ್ಲಿ ಬಾಳುವುದು ಯಾರ ದಯೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಇಂಥಲ್ಲೇ ಇರಬೇಕೆಂಬ ಕಟ್ಟುಪಾಡಿಗೆ ಯಾರೂ ಒಳಪಡದಂತೆ, ವೈಯಕ್ತಿಕ ಸಹಾಯಕರೂ ಸೇರಿದಂತೆ ನೆರವು ಸಿಗುವಂತೆ ಸರ್ಕಾರ ಯತ್ನಿಸಬೇಕು. ಹೆಚ್ಚಿನ ಆಸರೆ ಬೇಕಾದವರು 38ನೇ ಸೆಕ್ಷನ್ ಅಡಿ ಅರ್ಜಿ ಹಾಕಬಹುದು. ಆದರೂ ಸಹಾಯಕರ ಸಂಬಳ ಇಂದಿಗೂ ಬಹುಪಾಲು ಮನೆಯವರ ಜೇಬಿನಿಂದಲೇ ಹೋಗುತ್ತದೆ. ಇದು ಬದಲಾಗಲೇಬೇಕು.

ಮನೆಯ ಹಂಬಲ ಗಾಲಿಕುರ್ಚಿಯವರಿಗಷ್ಟೇ ಅಲ್ಲ. ಮನೋರೋಗದಿಂದ ವರ್ಷಗಟ್ಟಲೆ ಆಸ್ಪತ್ರೆ, ಆಶ್ರಯಧಾಮಗಳಲ್ಲಿ ಕಳೆದವರಿಗೆ ಚೆನ್ನೈನ 'ದಿ ಬ್ಯಾನಿಯನ್' ಸಂಸ್ಥೆ 'ಹೋಮ್ ಅಗೇನ್' ಹೆಸರಿನಲ್ಲಿ ಇನ್ನೊಂದು ದಾರಿ ಹುಡುಕಿದೆ: ನಾಲ್ಕೈದು ಜನ ಸೇರಿ ಮಾಮೂಲಿ ಬೀದಿಯ ಮನೆಯಲ್ಲಿ ಸಂಸಾರ ಹೂಡುವುದು, ಜೊತೆಗೊಬ್ಬ ಸಹಾಯಕಿ.

ಗಾಲಿಕುರ್ಚಿಯಿರುವ ಮನೆಗೆ ಸಹಾಯಕರು ಸಿಕ್ಕ ದಿನವೇ ಒಂದು ಹಾಳೆ ಬರೆಸಿ, ಅವರು ಓದುವ ಭಾಷೆಯಲ್ಲಿ: ಎಷ್ಟು ಹೊತ್ತಿಗೆ ಏಳಿಸಬೇಕು, ಎತ್ತುವಾಗ ಕೈ ಎಲ್ಲಿ ಹಾಕಬೇಕು, ಯಾವುದನ್ನು ಮುಟ್ಟಕೂಡದು, ಸಹಾಯಕರು ಬಾರದ ದಿನ ಯಾರಿಗೆ ಫೋನ್ ಮಾಡಬೇಕು. ಮನೆಯವರು ಊಹಿಸಿ ಬರೆಯಬಾರದು. ಗಾಲಿಕುರ್ಚಿಯಲ್ಲಿ ಕೂತವರೇ ಹೇಳಲಿ, ಉಳಿದವರು ಬರೆದುಕೊಳ್ಳಲಿ.